ಸರ್ವರ್ ಮೇಲಿನ ಕಾಲುಚೀಲ

ಬೆಳಿಗ್ಗೆ ಎದ್ದು ನೋಡಿದರೆ ನನ್ನ ಸರ್ವರ್ ಮೇಲೆ ಅಮ್ಮನ ಕಾಲುಚೀಲ ಒಣಗುತ್ತಿತ್ತು.

ಚಿಕ್ಕಮಗಳೂರಿನ ಜುಲೈ ಮಳೆ. ಮನೆಯಲ್ಲಿ ಬೆಚ್ಚಗಿರುವುದು ಎರಡೇ ಜಾಗ, ಒಲೆ ಮತ್ತು ಅದು. ಆದರೆ ಗಾಳಿಯ ಕಿಂಡಿಯನ್ನೇ ಮುಚ್ಚಿದ್ದಳು!

ಸರ್ವರ್ ಎಂದರೆ ಮನೆಯ ಫೋಟೊಗಳನ್ನು ಇಡಲು ಸದಾ ಓಡುತ್ತಿರುವ, ಯಾವುದೋ ಕಚೇರಿ ಮಾರಿದ ಹಳೆಯ ಕಂಪ್ಯೂಟರ್, ಒಳಗೆ 4 ಟಿಬಿಯ (ಟೆರಾಬೈಟ್) ನಾಲ್ಕು ಹಳೆಯ ಹಾರ್ಡ್ ಡಿಸ್ಕ್. ಒಂದಂತೂ ಆಗಲೇ 39,500 ಗಂಟೆ ತಿರುಗಿದೆ. ಲೆಕ್ಕ ಹಾಕಿದರೆ ನಾಲ್ಕೂವರೆ ವರ್ಷ ಕಣ್ಣು ಮುಚ್ಚಿಲ್ಲ. ರಾತ್ರಿ ಕಟಕಟ ಎನ್ನುವುದು ಅದೇ ಇರಬೇಕು. ಹೊಸದಕ್ಕೆ ಜೇಬು ಒಪ್ಪಲಿಲ್ಲ. ಅದಕ್ಕೇ ಡಿಸ್ಕ್‌ಗಳನ್ನು ರೈಡ್ 5 ಎಂಬ ರೀತಿಯಲ್ಲಿ ಜೋಡಿಸಿದ್ದೇನೆ: ಒಂದು ಕೆಟ್ಟರೆ ಉಳಿದ ಮೂರು ಸೇರಿ ಅದರಲ್ಲಿದ್ದುದನ್ನು ಲೆಕ್ಕ ಹಾಕಿ ತುಂಬಿಕೊಡುತ್ತವೆ. ಎರಡು ಒಟ್ಟಿಗೆ ಕೆಟ್ಟರೆ ಮುಗಿಯಿತು. ಹಾಗಾಗಿ ಅಪ್ಪನ ಫೋಟೊಗಳ ಇನ್ನೊಂದು ಪ್ರತಿ ಹಾಸನದಲ್ಲಿ, ಅಕ್ಕನ ಬೀರುವಿನಲ್ಲಿದೆ.

16 ಟಿಬಿ ಕೊಂಡು, ಒಂದು ಡಿಸ್ಕಿನಷ್ಟು ಜಾಗ ಆ ಲೆಕ್ಕಕ್ಕೇ ಹೋಗಿ 12 ಸಿಕ್ಕಿತು, ಪರದೆ ಬೇರೆ ಅಳತೆಯಲ್ಲಿ ಎಣಿಸಿ ತೋರಿಸುವುದು 10.9 ಎಂದು ಅಮ್ಮನ ಹತ್ತಿರ ಗೊಣಗಿದೆ.

"ಕೊಯ್ದ ಹಣ್ಣಿನಷ್ಟೇ ಕಾಫಿ ಬೀಜ ಸಿಗುತ್ತದೇನೋ? ಒಣಗಿಸಿ ಸಿಪ್ಪೆ ಹಾರಿಸಿದ ಮೇಲೆ ಎಷ್ಟು ಉಳಿಯುತ್ತದೆ, ನೋಡಿಲ್ಲವೇ?" ಎಂದಳು.

ಸಂಜೆ ಬಂದರೆ ಕಾಲುಚೀಲ ಮತ್ತೆ ಅಲ್ಲೇ. ಈ ಸಲ ಕಿಂಡಿ ಬಿಟ್ಟು ಹರವಿದ್ದಳು.