ಹಳೇ ಪ್ಲೇಟು ಇರುವಾಗ ಮತ್ತೆ ಯಾಕೆ ನುಡಿಸಬೇಕು?

ಬರ್ಲಿನ್ನಿಗೆ ಬಂದ ನೆಂಟರಾಗಲಿ ಊರಿನ ಗೆಳೆಯರಾಗಲಿ, ನನ್ನ ಹುಚ್ಚು ಗೊತ್ತಾದ ಮೇಲೆ ಕೇಳುವ ಪ್ರಶ್ನೆ ಒಂದೇ. "1920–30ರ ಜರ್ಮನ್ ಡ್ಯಾನ್ಸ್ ಆರ್ಕೆಸ್ಟ್ರಾಗಳ ಗ್ರಾಮಫೋನ್ ಪ್ಲೇಟುಗಳೆಲ್ಲ ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ. ಅದನ್ನೇ ಈಗಿನವರು ನುಡಿಸೋದನ್ನ ದುಡ್ಡು ಕೊಟ್ಟು ಯಾಕೆ ಕೇಳ್ತೀಯ?"

ಮೊದಲು ನನ್ನ ಹತ್ತಿರ ಇರುವ ಒಂದು ಪ್ಲೇಟಿನ ವಿಷಯ ಹೇಳುತ್ತೇನೆ. ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕಿದ್ದು. ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಮೂರು ನಿಮಿಷ. ಲೇಬಲ್ ಮೇಲೆ "ಫಾಕ್ಸ್‌ಟ್ರಾಟ್, ಪಲ್ಲವಿ ಹಾಡಿನ ಸಮೇತ" ಅನ್ನುವ ಅರ್ಥದ ಜರ್ಮನ್ ಸಾಲು. ಫಾಕ್ಸ್‌ಟ್ರಾಟ್ ಅಂದರೆ ಜೋಡಿಯಾಗಿ ಕುಣಿಯುವ ಒಂದು ಡ್ಯಾನ್ಸು. ಹಾಡಿದವರ ಹೆಸರೇ ಇಲ್ಲ! ಸೂಜಿ ಇಟ್ಟರೆ ಒಂದು ನಿಮಿಷ ಬರೀ ವಾದ್ಯ. ಆಮೇಲೆ ಗಾಯಕ ಬಂದು ಪಲ್ಲವಿಯನ್ನು ಒಂದು ಸಲ ಹಾಡಿ ಹೋಗಿಬಿಡುತ್ತಾನೆ. ಚರಣ ಗಿರಣ ಏನೂ ಇಲ್ಲ. ಸಿನಿಮಾ ಹಾಡು ಕೇಳಿ ಬೆಳೆದ ನನಗೆ ಪ್ಲೇಟು ಅರ್ಧ ಹಾಳಾಗಿದೆ ಅನ್ನಿಸಿತ್ತು. ಆದರೆ ಇದು ಕುಣಿಯುವವರಿಗೆ ಮಾಡಿದ ಸಂಗೀತ. ಇಲ್ಲಿ ಗಾಯಕನೂ ಒಂದು ವಾದ್ಯ, ಅಷ್ಟೇ.

ಆ ಪ್ಲೇಟಿನಲ್ಲಿ ಕೇಳದೇ ಇರುವುದೇ ಜಾಸ್ತಿ. ಮೈಕಿನಲ್ಲಿ ರೆಕಾರ್ಡ್ ಮಾಡುವುದು ಶುರುವಾದದ್ದೇ 1925ರ ಸುಮಾರಿಗೆ. ಅದಕ್ಕೂ ಮುಂಚೆ ಎಲ್ಲರೂ ದನಿ ಹಿಡಿಯುವ ಒಂದು ದೊಡ್ಡ ಕೊಂಬಿನ ಮುಂದೆ ಒತ್ತಿಕೊಂಡು ನಿಂತು ನುಡಿಸಬೇಕಿತ್ತು. ಡಬಲ್ ಬಾಸ್ ಅನ್ನುವ ದೊಡ್ಡ ತಂತಿವಾದ್ಯದ ದನಿಯನ್ನು ಅದು ಸರಿಯಾಗಿ ಹಿಡಿಯುತ್ತಿರಲಿಲ್ಲ ಅಂತ ಟ್ಯೂಬಾ ಅನ್ನುವ ಹಿತ್ತಾಳೆ ವಾದ್ಯ ಊದಿಸುತ್ತಿದ್ದರು. ಡ್ರಮ್ಮನ್ನು ಜೋರಾಗಿ ಬಾರಿಸುವ ಹಾಗೇ ಇರಲಿಲ್ಲ. ಮೈಕು ಬಂದ ಮೇಲೂ ಎಲ್ಲಾ ಮೂರು ನಿಮಿಷದೊಳಗೆ ಮುಗಿಯಬೇಕು.

ಪಾಲಾಸ್ಟ್ ಆರ್ಕೆಸ್ಟರ್ ಎದುರು ಕೂತಾಗ ನನಗೆ ವ್ಯತ್ಯಾಸ ಗೊತ್ತಾಯಿತು. 1986ರಲ್ಲಿ ಗಾಯಕ ಮ್ಯಾಕ್ಸ್ ರಾಬೆ ಮತ್ತು ಅವರ ಜೊತೆ ಸಂಗೀತ ಓದುತ್ತಿದ್ದ ಹುಡುಗರು ಬರ್ಲಿನ್ನಿನಲ್ಲಿ ಕಟ್ಟಿದ ತಂಡ ಇದು. ಹಳೇ ಮುದ್ರಿತ ಸ್ವರಲಿಪಿ ಹುಡುಕಿ ಒಂದು ವರ್ಷ ಅಭ್ಯಾಸ ಮಾಡಿ, 1987ರಲ್ಲಿ ವೇದಿಕೆ ಹತ್ತಿದರು. ಸ್ಯಾಕ್ಸೊಫೋನ್ ಊದುತ್ತಿದ್ದವನು ಸಾಲು ಮುಗಿದ ತಕ್ಷಣ ಅದನ್ನು ಇಳಿಸಿ ಕ್ಲಾರಿನೆಟ್ ಎತ್ತಿಕೊಳ್ಳುತ್ತಾನೆ. ಪ್ಲೇಟಿನಲ್ಲಿ ಬರೀ ಗುಯ್ ಅನ್ನುವ ಜಾಗದಲ್ಲಿ ಇಲ್ಲಿ ನಾಲ್ಕು ವಾದ್ಯ ಬೇರೆಬೇರೆಯಾಗಿ ಕೇಳುತ್ತವೆ.

ರಾಬೆ ಕೋಟು ತೊಟ್ಟು ಕಂಬದ ಹಾಗೆ ನಿಂತು ಹಾಡುತ್ತಾರೆ. 'ರ' ಉಚ್ಚರಿಸುವುದು ನಮ್ಮ ಹಾಗೇ, ನಾಲಿಗೆ ತುದಿಯಲ್ಲಿ. ಇವತ್ತಿನ ಬರ್ಲಿನ್ನಿನವರ 'ರ' ಗಂಟಲಲ್ಲಿ ಹುಟ್ಟುತ್ತೆ. ಆದರೆ ಆಗಿನ ರಂಗಭೂಮಿಯ ಜರ್ಮನ್‌ನಲ್ಲಿ ನಾಲಿಗೆ ತುದಿ ಆಡಬೇಕಿತ್ತು. ನನ್ನ ಒಂದು ತಕರಾರೂ ಇದೆ. ಇವರದು ಇಸ್ತ್ರಿ ಹಾಕಿದ ಹಾಗೆ ವಿಪರೀತ ನೀಟು. ಆ ಕಾಲದ ಬರ್ಲಿನ್ನಿನ, 1930ರ ಒಂದು ಸಿನಿಮಾದಲ್ಲೂ ಕಾಣಿಸಿಕೊಂಡ ವೈನ್‌ಟ್ರೌಬ್ಸ್ ಸಿಂಕೊಪೇಟರ್ಸ್ ತಂಡದವರು ಒಬ್ಬೊಬ್ಬರೂ ಹಲವು ವಾದ್ಯ ನುಡಿಸುತ್ತಿದ್ದರು, ನುಡಿಸುತ್ತಲೇ ಕೋಡಂಗಿ ಆಟ ಆಡುತ್ತಿದ್ದರು. ಆ ಗಲಾಟೆ ಇಲ್ಲಿಲ್ಲ.

ಆದರೂ ಹೋಗುತ್ತೇನೆ. ಯಾಕೆಂದರೆ ಈ ಸಂಗೀತ ಹಳತಾಗಿ ಸತ್ತದ್ದಲ್ಲ, ಅದನ್ನು ನುಡಿಸುತ್ತಿದ್ದವರನ್ನು ಹಿಟ್ಲರನ ನಾಜಿಗಳು ಓಡಿಸಿದರು. ಓಡಿಯನ್ ಅನ್ನುವ ಪ್ಲೇಟು ಕಂಪನಿಗೆ ನೂರಾರು ಪ್ಲೇಟು ಕೊಟ್ಟ ಆರ್ಕೆಸ್ಟ್ರಾ ನಾಯಕ ಡಾಯೊಸ್ ಬೇಲ ಯಹೂದಿ. 1933ರಲ್ಲಿ ಜರ್ಮನಿ ಬಿಟ್ಟು, ಕೊನೆಗೆ ಅರ್ಜೆಂಟೀನಾ ಸೇರಿದರು. ವೈನ್‌ಟ್ರೌಬ್ಸ್‌ನವರು 1937ರಲ್ಲಿ ಆಸ್ಟ್ರೇಲಿಯಾ ತಲುಪಿದರು. ಯುದ್ಧ ಬಂದಾಗ ಅವರಲ್ಲಿ ಕೆಲವರನ್ನು ಅಲ್ಲೂ ಶತ್ರುದೇಶದವರು ಅಂತ ಕೂಡಿಹಾಕಿದರು. 1935ರಲ್ಲಿ ಜರ್ಮನ್ ರೇಡಿಯೋ ಜಾಝ್ ನಿಲ್ಲಿಸಿತು. ಹಾಡು ಬರೆದವರು ಯಹೂದಿಗಳಾದರೆ ಅವರ ಹೆಸರನ್ನೇ ಅಳಿಸುತ್ತಿದ್ದರು.

ವಿಲ್ಲಿ ರೋಸೆನ್ ಅಂತ ಹಾಡು ಬರೆದು ಹಾಡುವವರು ಒಬ್ಬರಿದ್ದರು. ಹಾಡಿಗೆ ಮುಂಚೆ "ಸಾಹಿತ್ಯ, ಸಂಗೀತ ಎರಡೂ ನನ್ನದೇ" ಅಂತ ಘೋಷಿಸುವುದು ಅವರ ಗುರುತು. 1944ರಲ್ಲಿ ಅವರನ್ನು ನಾಜಿಗಳ ಆಶ್ವಿಟ್ಸ್ ಶಿಬಿರದಲ್ಲಿ ಕೊಂದರು.

ರಾಬೆ ಹಾಡಿಗೆ ಮುಂಚೆ ಬರೆದವರ ಹೆಸರನ್ನು ನಿಧಾನವಾಗಿ, ಆ ನಾಲಿಗೆ ತುದಿಯ 'ರ' ಬಳಸಿ ಹೇಳುತ್ತಾರೆ. ಆಮೇಲೇ ಬ್ಯಾಂಜೊ ಶುರು.