ಮಗಳ ಮನೆಗೆ ಆರು ತಿಂಗಳು: ದುಡ್ಡು ಸಿಕ್ಕಿಹಾಕಿಕೊಳ್ಳುವುದು ಅಮೆರಿಕದಲ್ಲಲ್ಲ, ತುಮಕೂರಿನಲ್ಲಿ

ತುಮಕೂರಿನಿಂದ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟ ಅಪ್ಪ-ಅಮ್ಮಂದಿರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹುಳಿಪುಡಿ, ಹಪ್ಪಳ ಎಲ್ಲವೂ ತೂಕ ನೋಡಿಯೇ ಸೇರಿರುತ್ತವೆ. ಮೊಬೈಲಿನ ರೀಚಾರ್ಜ್ ಯಾವತ್ತು ಮುಗಿಯುತ್ತದೆ ಎಂದು ಮಾತ್ರ ಯಾರೂ ನೋಡಿರುವುದಿಲ್ಲ. ಅಲ್ಲಿಗೆ ಹೋದಮೇಲೆ ಊಟ, ವಸತಿ, ಓಡಾಟ ಮಕ್ಕಳ ಲೆಕ್ಕದಲ್ಲಿ ನಡೆದುಹೋಗುತ್ತದೆ. ಕೈಕೊಡುವುದು ಇಲ್ಲಿಯ ಬ್ಯಾಂಕ್ ಖಾತೆ. ಪಿಂಚಣಿ, ಡಿಪಾಸಿಟ್, ಕರೆಂಟ್ ಬಿಲ್ಲು, ಎಲ್ಲವೂ ಒಂದು ಒಟಿಪಿಗೆ ಕಾದು ನಿಲ್ಲುತ್ತವೆ.

ಆದ್ದರಿಂದ ಮೊದಲು ಸಿಮ್. ಪ್ರೀಪೇಯ್ಡ್ ಪ್ಯಾಕ್ ಮುಗಿದರೆ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಆಮೇಲೆ ಒಳಬರುವ ಎಸ್ಸೆಮ್ಮೆಸ್ಸೂ ನಿಲ್ಲುತ್ತದೆ. 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ನಂಬರ್ ರದ್ದಾಗಿ ಬೇರೆಯವರ ಕೈಸೇರಬಹುದು. 365 ದಿನದ ಪ್ಯಾಕನ್ನೇ ಹಾಕಿಸಿ. ತಿಂಗಳಿಗೊಮ್ಮೆ ರೀಚಾರ್ಜ್ ಮಾಡುತ್ತೇನೆಂದು ಪಕ್ಕದ ಮನೆಯವರು ಮಾತು ಕೊಟ್ಟಿರುತ್ತಾರೆ, ಮರೆಯುತ್ತಾರೆ. ಅಂತರರಾಷ್ಟ್ರೀಯ ರೋಮಿಂಗ್ ಸೇವೆಯನ್ನು ಇಲ್ಲಿರುವಾಗಲೇ ಆನ್ ಮಾಡಿಸಬೇಕು. ಎಷ್ಟೋ ಸಲ ಅದನ್ನು ಆನ್ ಮಾಡುವುದಕ್ಕೂ ಅದೇ ನಂಬರಿಗೆ ಒಂದು ಎಸ್ಸೆಮ್ಮೆಸ್ ಬರಬೇಕಾಗುತ್ತದೆ.

ಎರಡು ಸಿಮ್ ಹಿಡಿಸುವ ಫೋನು ಬೇಕು: ಒಂದರಲ್ಲಿ ಅಲ್ಲಿಯ ನಂಬರು, ಇನ್ನೊಂದರಲ್ಲಿ ನಮ್ಮದು. ನಮ್ಮ ಸಿಮ್ಮಿನ ಡೇಟಾ ರೋಮಿಂಗ್ ಮುಚ್ಚಿಡಿ. ಅದಕ್ಕೆ ಬರುವ ಕರೆಯನ್ನು ಎತ್ತಬೇಡಿ, ಎತ್ತಿದರೆ ನಿಮಿಷದ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ. ಒಟಿಪಿ ಬರುತ್ತಿಲ್ಲವೆಂದರೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ಆಟೋಮ್ಯಾಟಿಕ್‌ನಿಂದ ತೆಗೆದು ಟಿ-ಮೊಬೈಲ್‌ನಿಂದ ಎಟಿ ಅಂಡ್ ಟಿಗೋ, ಅದರಿಂದ ಇದಕ್ಕೋ ಬದಲಿಸಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಹಳೆಯ ಬಟನ್ ಫೋನನ್ನು ನಂಬಿಕೊಂಡು ಹೋಗಬೇಡಿ. ಅಲ್ಲಿಯ ದೊಡ್ಡ ಕಂಪನಿಗಳು 2022ರಲ್ಲೇ 3ಜಿ ಮುಚ್ಚಿದವು. ಸಿಮ್ಮನ್ನು ಊರಲ್ಲೇ ಯಾರಿಗೋ ಕೊಟ್ಟು ವಾಟ್ಸಾಪಿನಲ್ಲಿ ಒಟಿಪಿ ತರಿಸಿಕೊಳ್ಳುವ ಏರ್ಪಾಡು ತುಂಬಾ ಕಡೆ ನಡೆಯುತ್ತದೆ. ಅದು ಬೀಗದ ಕೈಯ ಜೊತೆ ಮನೆಯನ್ನೂ ಕೊಟ್ಟಂತೆ.

ಹೊರಡುವ ಒಂದು ತಿಂಗಳು ಮುಂಚೆ ಬ್ಯಾಂಕಿಗೆ ಒಂದು ಸಲ ಹೋಗಿಬನ್ನಿ. ಮರುಕೆವೈಸಿ, ಅಂದರೆ ಗುರುತು-ವಿಳಾಸದ ದಾಖಲೆ ಮತ್ತೆ ಕೊಡುವುದು, ಯಾವಾಗ ಬಾಕಿ ಎಂದು ಕೇಳಿ. ಗ್ರಾಹಕರ ವರ್ಗ ನೋಡಿ 2, 8 ಅಥವಾ 10 ವರ್ಷಕ್ಕೊಮ್ಮೆ ಅದು ಬರುತ್ತದೆ, ನೀವಿಲ್ಲದಾಗ ಬಂದು ದಾಟಿಹೋದರೆ ಖಾತೆಯಿಂದ ದುಡ್ಡು ಹೊರಡದಂತೆ ನಿಲ್ಲಿಸಬಹುದು. ಡೆಬಿಟ್ ಕಾರ್ಡಿನ ಅವಧಿ ನೋಡಿ. ಹೊಸ ಕಾರ್ಡು ಕೊರಿಯರಿನಲ್ಲಿ ಬೀಗ ಹಾಕಿದ ಮನೆಗೆ ಬಂದು ವಾಪಸು ಹೋಗುತ್ತದೆ. ಆರು ತಿಂಗಳೊಳಗೆ ಮುಗಿಯುವ ಎಫ್‌ಡಿ ಇದ್ದರೆ ಆಟೋ ರಿನ್ಯೂವಲ್ ಬರೆದುಕೊಡಿ. ಹಾಗೇ ಬಿಟ್ಟರೆ ಅವಧಿ ಮುಗಿದ ಮೇಲೆ ಉಳಿತಾಯ ಖಾತೆಯ ಬಡ್ಡಿ, ಮೊದಲು ಒಪ್ಪಿದ್ದ ಬಡ್ಡಿ, ಎರಡರಲ್ಲಿ ಕಮ್ಮಿ ಯಾವುದೋ ಅದು ಮಾತ್ರ ಸಿಗುವುದು. ಲಾಕರ್ ಬಾಡಿಗೆಯನ್ನೂ ಖಾತೆಯಿಂದಲೇ ಕಡಿಯಲು ಬರೆದುಕೊಡಿ. ಬೆಸ್ಕಾಂ ಬಿಲ್ಲು ಆಟೋಪೇಗೆ ಹಾಕಿ. ಮಾರ್ಚಿನಲ್ಲಿ ಹೊರಡುವವರು ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುವ ಮನೆಕಂದಾಯವನ್ನು ನೆನಪಿಟ್ಟು ಅಲ್ಲಿಂದಲೇ ಆನ್‌ಲೈನಿನಲ್ಲಿ ಕಟ್ಟಿಬಿಡಬೇಕು.

ಬ್ಯಾಂಕಿನ 1800 ನಂಬರುಗಳಲ್ಲಿ ಹೆಚ್ಚಿನವು ವಿದೇಶದಿಂದ ಹೋಗುವುದಿಲ್ಲ. ಕಾರ್ಡಿನ ಹಿಂದೆ ಅಥವಾ ವೆಬ್‌ಸೈಟಿನಲ್ಲಿ ಪ್ಲಸ್ 91ರಿಂದ ಶುರುವಾಗುವ ನಂಬರ್ ಇರುತ್ತದೆ, ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಶಾಖೆಗೇ ಫೋನ್ ಮಾಡುವುದಾದರೆ ತುಮಕೂರಿನಲ್ಲಿ ಬೆಳಿಗ್ಗೆ 10 ಎಂದರೆ ನ್ಯೂಯಾರ್ಕಿನಲ್ಲಿ ಬೇಸಿಗೆಯಲ್ಲಿ ರಾತ್ರಿ 12:30, ಚಳಿಗಾಲದಲ್ಲಿ ಹಿಂದಿನ ರಾತ್ರಿ 11:30. ನಿದ್ದೆಗೆಟ್ಟು ಕಾದರೂ "ಸಾಹೇಬ್ರು ಮೀಟಿಂಗಲ್ಲಿದಾರೆ" ಎಂದೇ ಕೇಳಬೇಕಾಗಿ ಬರಬಹುದು.

ಅಕ್ಟೋಬರ್‌ನಲ್ಲಿ ಹೊರಡುವ ಪಿಂಚಣಿದಾರರಿಗೆ ಇನ್ನೊಂದು ತಲೆನೋವು, ನವೆಂಬರಿನ ಜೀವಂತ ಪ್ರಮಾಣಪತ್ರ. ಕೇಂದ್ರದ ಪಿಂಚಣಿಯಾದರೆ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಇಪಿಎಫ್ ಪಿಂಚಣಿಯವರು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಉಳಿದವರು ಅಲ್ಲಿಂದ ಫೋನಿನಲ್ಲೇ ಮಾಡಬೇಕು. ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆರ್‌ಡಿ ಎರಡೂ ಆಪ್‌ಗಳನ್ನು ಇಲ್ಲೇ ಇಳಿಸಿಕೊಂಡು ಒಮ್ಮೆ ಮುಖ ತೋರಿಸಿ ಪರೀಕ್ಷಿಸಿ. ಕಿಟಕಿಗೆ ಬೆನ್ನು ಹಾಕಿ ಕೂತರೆ, ಕನ್ನಡಕದ ಮೇಲೆ ಬೆಳಕು ಹೊಳೆದರೆ ಆಪ್ ಮುಖವನ್ನು ಒಪ್ಪುವುದಿಲ್ಲ. ಪಿಪಿಒ (ಪಿಂಚಣಿ ಆದೇಶದ) ನಂಬರ್, ಖಾತೆ ನಂಬರ್, ಪಿಂಚಣಿ ಕೊಡುವ ಇಲಾಖೆ, ಇವುಗಳಲ್ಲಿ ಒಂದು ತಪ್ಪಾದರೂ ಪ್ರಮಾಣಪತ್ರದ ನಂಬರಾದ ಪ್ರಮಾಣ್ ಐಡಿ ಬಂದುಬಿಡುತ್ತದೆ, ಆದರೆ ಆಮೇಲೆ ತಿರಸ್ಕಾರವಾಗುತ್ತದೆ. ಐಡಿ ಬಂತೆಂದು ಸುಮ್ಮನಾಗದೆ ಒಂದು ವಾರ ಬಿಟ್ಟು ಒಪ್ಪಿಗೆಯಾಯಿತೇ ಎಂದು ನೋಡಿ. ಫೋನಿನ ಸಹವಾಸ ಬೇಡವೆನ್ನುವವರಿಗೆ ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ಮಾಡಿಕೊಡುತ್ತಾರೆ. ರಾಜ್ಯ ಸರ್ಕಾರದ ಪಿಂಚಣಿಯವರು ತಮ್ಮ ಶಾಖೆ ಏನನ್ನು ಒಪ್ಪುತ್ತದೆಂದು ಕೇಳಿಕೊಂಡೇ ಹೊರಡಬೇಕು.

ಇನ್ನು ಡಾಲರ್. ಒಬ್ಬರು ನೋಟಿನ ರೂಪದಲ್ಲಿ 3,000 ಡಾಲರ್‌ವರೆಗೆ ಒಯ್ಯಬಹುದು, ನಮ್ಮ ರೂಪಾಯಿ 25,000 ತನಕ. ಅಷ್ಟೆಲ್ಲ ಬೇಕಾಗುವುದಿಲ್ಲ. ಗಂಡಹೆಂಡತಿಗೆ ಸೇರಿ 500 ಡಾಲರ್ ನೋಟು ಸಾಕು, ಅದೂ 20ರ ನೋಟುಗಳಲ್ಲಿ. 100ರ ನೋಟು ಕೊಟ್ಟರೆ ಸಣ್ಣ ಅಂಗಡಿಯವರು ಬೆಳಕಿಗೆ ಹಿಡಿದು ನೋಡಿ ವಾಪಸು ಕೊಡುತ್ತಾರೆ.

ಈ 500 ಡಾಲರನ್ನು ವಿಮಾನ ನಿಲ್ದಾಣದಲ್ಲಿ ಕೊಂಡರೆ ಮೋಸ ಹೋದಂತೆಯೇ. ಕೌಂಟರಿನಲ್ಲಿ "ಕಮಿಷನ್ ಇಲ್ಲ ಸಾರ್" ಎನ್ನುತ್ತಾರೆ, ಸುಳ್ಳಲ್ಲ. ಕಮಿಷನ್ನು ದರದೊಳಗೇ ಕೂತಿರುತ್ತದೆ. ಮೊಬೈಲಿನಲ್ಲಿ ಕಾಣುವ ದರಕ್ಕಿಂತ ಡಾಲರಿಗೆ 6 ರೂಪಾಯಿ ಹೆಚ್ಚು ಕೇಳಿದರೆ 500 ಡಾಲರಿಗೆ 3,000 ರೂಪಾಯಿ ಹೋಯಿತು. ಕೇಳಬೇಕಾದ ಪ್ರಶ್ನೆ ಒಂದೇ: "500 ಡಾಲರಿಗೆ ಎಲ್ಲ ಸೇರಿ ನಾನು ಎಷ್ಟು ರೂಪಾಯಿ ಕೊಡಬೇಕು?" ಜಿಎಸ್‌ಟಿ ದೊಡ್ಡದಲ್ಲ, ಒಂದು ಲಕ್ಷ ರೂಪಾಯಿಗೆ 180. ಉಳಿದ ವ್ಯತ್ಯಾಸವೆಲ್ಲ ದರದ್ದು. ತುಮಕೂರಿನ ಎಲ್ಲ ಶಾಖೆಯಲ್ಲೂ ಡಾಲರ್ ನೋಟು ಇಟ್ಟಿರುವುದಿಲ್ಲ, ನಾಲ್ಕೈದು ದಿನ ಮುಂಚೆ ಹೇಳಿಟ್ಟು ತರಿಸಿಕೊಳ್ಳಿ, ಇಲ್ಲವೇ ಬೆಂಗಳೂರಿಗೆ ಹೋದಾಗ ಎರಡು ಕಡೆ ಕೇಳಿ. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್ ಜೊತೆಗಿರಲಿ. 50,000 ರೂಪಾಯಿ ದಾಟಿದರೆ ನಗದು ತೆಗೆದುಕೊಳ್ಳುವುದಿಲ್ಲ, ಖಾತೆಯಿಂದಲೇ ಹೋಗಬೇಕು.

ಕಾರ್ಡು ಎರಡು ಬೇಕು, ಎರಡು ಬ್ಯಾಗಿನಲ್ಲಿ. 2020ರಿಂದ ಬರುವ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮುಚ್ಚಿಯೇ ಬರುತ್ತದೆ, ಆಪ್‌ನಲ್ಲಿ ನೀವೇ ತೆರೆಯಬೇಕು. ಮಾಮೂಲಿ ರುಪೇ ಕಾರ್ಡು ಅಲ್ಲಿ ನಡೆಯುವುದಿಲ್ಲ. ನಮ್ಮ ಡೆಬಿಟ್, ಕ್ರೆಡಿಟ್ ಕಾರ್ಡುಗಳಲ್ಲಿ ಶೇ. 3.5 ಮಾರ್ಕಪ್ (ದರದ ಮೇಲೆ ಬ್ಯಾಂಕು ಸೇರಿಸುವ ಶುಲ್ಕ) ಸಾಮಾನ್ಯ, ಅದರ ಮೇಲೆ ಜಿಎಸ್‌ಟಿ ಸೇರಿ ಶೇ. 4.13. ಆಗಾಗ ಉಜ್ಜುವುದಾದರೆ ಡಾಲರ್ ತುಂಬಿಸಿದ ಫಾರೆಕ್ಸ್ ಕಾರ್ಡು ಮೇಲು. ಎಟಿಎಂನಿಂದ ತೆಗೆಯುವಾಗ ಮಾತ್ರ ಕಾರ್ಡಿನವರದೂ ಎಟಿಎಂನವರದೂ ಎರಡು ಶುಲ್ಕ ಬೀಳುತ್ತದೆ, ತೆಗೆದರೆ ಒಂದೇ ಸಲ 200 ಡಾಲರ್ ತೆಗೆಯಿರಿ, ಹತ್ತು ಸಲ 20 ಬೇಡ. ಅಂಗಡಿಯ ಕಾರ್ಡ್ ಮೆಷಿನ್ನು "ರೂಪಾಯಿಯಲ್ಲಿ ಕಟ್ಟುತ್ತೀರಾ, ಡಾಲರಿನಲ್ಲಾ" ಎಂದು ಕೇಳಿದಾಗ ರೂಪಾಯಿ ಕಂಡ ಖುಷಿಗೆ ಅದನ್ನು ಒತ್ತುವವರೇ ಹೆಚ್ಚು. ಡಾಲರ್ ಒತ್ತಿ. ರೂಪಾಯಿ ಒತ್ತಿದರೆ ಅಂಗಡಿಯವನ ಕಡೆಯವರು ಹಾಕಿದ ಕೆಟ್ಟ ದರ ತಲೆಗೆ ಬೀಳುತ್ತದೆ. ಪೆಟ್ರೋಲ್ ಬಂಕಿನ ಪಂಪು ಜಿಪ್ ಕೋಡ್ (ಅಲ್ಲಿಯ ಪಿನ್‌ಕೋಡ್) ಕೇಳಿ ನಮ್ಮ ಕಾರ್ಡನ್ನು ತಳ್ಳುತ್ತದೆ. ಒಳಗೆ ಹೋಗಿ ಕೌಂಟರಿನಲ್ಲಿ ಕಟ್ಟಬೇಕು.

ಆರು ತಿಂಗಳಿಗೆಂದು ಎನ್‌ಆರ್‌ಒ ಖಾತೆ, ಅಂದರೆ ಅನಿವಾಸಿಗಳ ಖಾತೆ, ಮಾಡಿಸಬೇಕೇ ಎಂದು ಕೇಳುತ್ತಾರೆ. ಬೇಡ. ಮಕ್ಕಳನ್ನು ನೋಡಿ ಬರಲು ಹೋದವರು ಇಲ್ಲಿಯ ನಿವಾಸಿಗಳೇ, ಇರುವ ಉಳಿತಾಯ ಖಾತೆ ಹಾಗೇ ಇರಲಿ. ಕೆಲಸಕ್ಕೆ ಹೋದ ಮಕ್ಕಳು ಮಾತ್ರ ಹಳೆಯ ಖಾತೆಯನ್ನು ಬದಲಿಸಬೇಕು, ಎಷ್ಟೋ ಜನ ಬದಲಿಸಿರುವುದಿಲ್ಲ.

ನಯಾಗರಾ, ಸ್ವಾತಂತ್ರ್ಯದೇವಿಯ ಪ್ರತಿಮೆ, ಮ್ಯೂಸಿಯಂಗಳ ಬಗ್ಗೆ ಬೇರೆಯವರು ಬರೆದಿದ್ದಾರೆ. ಆ ಜನಜಂಗುಳಿಯಲ್ಲಿ ಸಾಲು ನಿಲ್ಲುವ ಬದಲು ನ್ಯೂಯಾರ್ಕಿನ ಫ್ಲಶಿಂಗಿನಲ್ಲಿರುವ ಗಣಪತಿ ದೇವಸ್ಥಾನಕ್ಕೆ ಹೋಗಿ. 1977ರಲ್ಲಿ ಪ್ರತಿಷ್ಠೆಯಾದ ಗುಡಿ, ಬೌನ್ ಸ್ಟ್ರೀಟಿನಲ್ಲಿದೆ. 7ನೇ ನಂಬರ್ ರೈಲಿನ ಕೊನೆಯ ಸ್ಟೇಷನ್ನಿನಲ್ಲಿ ಇಳಿದು ನಡೆದರಾಯಿತು. ನೆಲಮಾಳಿಗೆಯಲ್ಲಿ ಕ್ಯಾಂಟೀನು. ಟೇಬಲ್ಲಿಗೆ ಬಟ್ಟೆಯಿಲ್ಲ, ಬಡಿಸುವವರಿಲ್ಲ, ನಂಬರ್ ಕೂಗಿದಾಗ ಎದ್ದುಹೋಗಿ ತಟ್ಟೆ ತರಬೇಕು. ಟಿಪ್ಪಿನ ರಗಳೆಯಿಲ್ಲದಿರುವುದೇ ಒಂದು ನೆಮ್ಮದಿ, ಮೇಜಿಗೆ ಬಡಿಸುವ ಹೋಟೆಲಿನಲ್ಲಿ ಬಿಲ್ಲಿನ ಮೇಲೆ ತೆರಿಗೆ ಬೇರೆ, ಶೇ. 18-20 ಟಿಪ್ಪು ಬೇರೆ. ದೋಸೆ ಗರಿಗರಿ, ಸಾಂಬಾರು ಬಿಸಿ, ಪೊಂಗಲ್ಲಿನಲ್ಲಿ ಮೆಣಸು ಹಲ್ಲಿಗೆ ಸಿಗುತ್ತದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದ ನಾಲಿಗೆಗೆ ಅಲ್ಲಿಯ ಇಡ್ಲಿ ಸಣ್ಣದೆನಿಸಬಹುದು, ಆದರೆ ಎರಡು ತಿಂಗಳು ಬ್ರೆಡ್ಡು ನೋಡಿದವರು ಆ ತಕರಾರು ಎತ್ತುವುದಿಲ್ಲ. ವಾರದ ಕೊನೆಯಲ್ಲಿ ಕೂರಲು ಜಾಗ ಸಿಗುವುದಿಲ್ಲ, ಮಂಗಳವಾರ, ಬುಧವಾರ ಹೋಗಿ. ತಂದ 20ರ ನೋಟುಗಳು ಜೇಬಿನಲ್ಲಿರಲಿ.

ಹೋಗುವಾಗಲೂ ಬರುವಾಗಲೂ ತುಮಕೂರಿನವರು ಬೆಂಗಳೂರಿನೊಳಗೆ ನುಗ್ಗಬೇಕಿಲ್ಲ, ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ ದಾರಿ ಹಿಡಿಯಿರಿ. ಟ್ಯಾಕ್ಸಿಯವರೊಡನೆ ಟೋಲ್ ಸೇರಿ ಎಷ್ಟೆಂದು ಮೊದಲೇ ಮಾತಾಡಿ, ಇಲ್ಲದಿದ್ದರೆ ಟೋಲಿನದೂ ಖಾಲಿ ಗಾಡಿ ವಾಪಸಿನದೂ ಇಳಿಯುವಾಗ ಸೇರಿಕೊಳ್ಳುತ್ತದೆ.

ಉಳಿದ ನೋಟುಗಳಲ್ಲಿ 2,000 ಡಾಲರ್ ತನಕ ಮುಂದಿನ ಸಲಕ್ಕೆಂದು ಮನೆಯಲ್ಲೇ ಇಟ್ಟುಕೊಳ್ಳಬಹುದು. ಅದಕ್ಕೂ ಮೇಲಿದ್ದರೆ 180 ದಿನದೊಳಗೆ ಬ್ಯಾಂಕಿಗೆ ಕೊಡಬೇಕು. ಚಿಲ್ಲರೆಯನ್ನು ಇಲ್ಲಿಯ ಕೌಂಟರುಗಳು ಮುಟ್ಟುವುದಿಲ್ಲ, ಕ್ವಾರ್ಟರುಗಳನ್ನು (ಕಾಲು ಡಾಲರ್ ನಾಣ್ಯಗಳನ್ನು) ಮಗಳ ಲಾಂಡ್ರಿ ಡಬ್ಬಕ್ಕೆ ಹಾಕಿ ಬನ್ನಿ.