ಸಬ್‌ಟೈಟಲ್ ಇಲ್ಲದ ಒಂದು ಮಧ್ಯಾಹ್ನ

ಲಾಸ್ ಏಂಜಲೀಸ್‌ಗೆ ಬಂದು ನೆಲೆಸಿದ ಮೂರನೆಯ ವರ್ಷದಲ್ಲಿ, ಒಂದು ಭಾನುವಾರ, ಬಾಯ್ಲ್ ಹೈಟ್ಸ್‌ನಲ್ಲಿರುವ ಸಹೋದ್ಯೋಗಿಯೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಊಟವಾದ ಮೇಲೆ ಅವರ ತಾಯಿ, ‘ನಮ್ಮ ಕಡೆಯ ಹುಡುಗನ ಸಿನಿಮಾ ನೋಡಿಕೊಂಡೇ ಹೋಗಬೇಕು’ ಎಂದು ನನ್ನನ್ನು ಕೂರಿಸಿದರು. ಆ ಹುಡುಗ ಎಂದರೆ 1947ರಲ್ಲಿ ಪೂರ್ವ ಲಾಸ್ ಏಂಜಲೀಸ್‌ನಲ್ಲಿ ಮೆಕ್ಸಿಕನ್ ಮೂಲದ ಮನೆತನದಲ್ಲಿ ಹುಟ್ಟಿದ ನಟ ಎಡ್ವರ್ಡ್ ಜೇಮ್ಸ್ ಓಲ್ಮೋಸ್. ಸಿನಿಮಾ 1982ರ ‘ದಿ ಬ್ಯಾಲಡ್ ಆಫ್ ಗ್ರೆಗೋರಿಯೊ ಕೊರ್ಟೆಜ್’.

ಕಥೆಯಲ್ಲಿ ಇಂಗ್ಲಿಷ್ ಮಾತನಾಡುವವರೂ ಇದ್ದಾರೆ, ಸ್ಪ್ಯಾನಿಷ್ ಮಾತನಾಡುವವರೂ ಇದ್ದಾರೆ. ಆದರೆ ನಾಯಕ ಬಾಯಿ ತೆರೆದಾಗಲೆಲ್ಲ ಪರದೆಯ ಕೆಳಭಾಗ ಖಾಲಿಯಾಗಿಯೇ ಉಳಿಯುತ್ತಿತ್ತು. ಯಾವುದೋ ಸೆಟ್ಟಿಂಗ್ ತಪ್ಪಿರಬೇಕೆಂದು ನಾನು ರಿಮೋಟ್ ಕೈಗೆತ್ತಿಕೊಂಡು ಒಂದೊಂದೇ ಗುಂಡಿ ಒತ್ತತೊಡಗಿದೆ. ಧ್ವನಿ ಏರಿತು, ಇಳಿಯಿತು. ಚಿತ್ರ ಒಮ್ಮೆ ನಿಂತೂ ಹೋಯಿತು. ಆ ತಾಯಿ ನಗುತ್ತಾ ನನ್ನ ಕೈಯಿಂದ ರಿಮೋಟ್ ತೆಗೆದು ತಮ್ಮ ಮಡಿಲಲ್ಲಿಟ್ಟುಕೊಂಡರು. ಸ್ಪ್ಯಾನಿಷ್ ಮಾತುಗಳಿಗೆ ಸಬ್‌ಟೈಟಲ್ ಹಾಕದಿರುವುದು ಚಿತ್ರ ಮಾಡಿದವರದೇ ತೀರ್ಮಾನವೆಂದು ಸಹೋದ್ಯೋಗಿ ವಿವರಿಸಿದರು. ಅಂದರೆ ಸ್ಪ್ಯಾನಿಷ್ ಬಾರದ ನಾನು, ಕಥೆಯೊಳಗಿನ ಶೆರಿಫ್, ಅಂದರೆ ಪೊಲೀಸ್ ಅಧಿಕಾರಿ, ಎಲ್ಲಿ ನಿಂತಿದ್ದನೋ ಅಲ್ಲಿಯೇ ನಿಂತು ಈ ಸಿನಿಮಾ ನೋಡಬೇಕಾಗಿತ್ತು.

ಘಟನೆ ನಿಜವಾಗಿ ನಡೆದದ್ದು. 1901ರ ಜೂನ್ 12ರಂದು ಟೆಕ್ಸಾಸ್‌ನ ಕಾರ್ನೆಸ್ ಕೌಂಟಿಯ ಶೆರಿಫ್, ಕುದುರೆ ಕಳವಿನ ವಿಚಾರಣೆಗೆಂದು ಕೊರ್ಟೆಜ್ ಎಂಬ ರೈತನ ಮನೆಗೆ ಬಂದ. ಜೊತೆಯಲ್ಲಿ ಅರೆಬರೆ ಸ್ಪ್ಯಾನಿಷ್ ಬಲ್ಲ ದುಭಾಷಿಯೊಬ್ಬ. ‘ಇತ್ತೀಚೆಗೆ ಯಾರಿಗಾದರೂ ಕುದುರೆ ಕೊಟ್ಟು ವಿನಿಮಯ ಮಾಡಿಕೊಂಡೆಯಾ?’ ಎಂದು ಕೇಳುವಾಗ ಅವನು ಬಳಸಿದ್ದು ‘ಕಬಾಯೊ’ ಎಂಬ ಪದ, ಅದು ಗಂಡುಕುದುರೆ. ಕೊರ್ಟೆಜ್ ಕೊಟ್ಟಿದ್ದು ‘ಯೆಗುವಾ’, ಹೆಣ್ಣುಕುದುರೆ. ಆದ್ದರಿಂದ ಅವನು ‘ಇಲ್ಲ’ ಎಂದ, ಅದು ಸತ್ಯವೇ ಆಗಿತ್ತು; ದುಭಾಷಿಗೆ ಅದು ಸುಳ್ಳಾಗಿ ಕೇಳಿಸಿತು. ಮಾತು ಬೆಳೆದು ಗುಂಡು ಹಾರಿತು. ಶೆರಿಫ್ ಕೊರ್ಟೆಜ್‌ನ ಅಣ್ಣನಿಗೆ ಗುಂಡಿಕ್ಕಿದ, ಕೊರ್ಟೆಜ್ ಶೆರಿಫ್‌ನನ್ನು ಕೊಂದ. ಹತ್ತು ದಿನ ನೂರಾರು ಜನ ಅವನ ಬೆನ್ನುಹತ್ತಿದರು. ಸೆರೆಸಿಕ್ಕಿ ಶಿಕ್ಷೆ ಅನುಭವಿಸಿದ ಅವನಿಗೆ ಗವರ್ನರ್‌ನ ಕ್ಷಮಾದಾನ ದೊರೆತದ್ದು 1913ರಲ್ಲಿ. ಅಷ್ಟರೊಳಗೆ ಗಡಿನಾಡಿನ ಜನ ಅವನ ಮೇಲೆ ಲಾವಣಿ ಕಟ್ಟಿ ಹಾಡತೊಡಗಿದ್ದರು. ಚಿತ್ರದಲ್ಲಿ ಈ ಹೆಣ್ಣು–ಗಂಡಿನ ಗೊಂದಲ ನನ್ನಂಥವನಿಗೆ ತಿಳಿಯುವುದು ಬಹಳ ತಡವಾಗಿ, ಜೈಲಿಗೆ ಬಂದ ಹೆಂಗಸೊಬ್ಬಳು ಅವನ ಮಾತನ್ನು ಇಂಗ್ಲಿಷಿಗೆ ತಿರುಗಿಸಿದಾಗ. ನನ್ನ ಪಕ್ಕದಲ್ಲಿ ಕುಳಿತ ತಾಯಿಗೆ ಅದು ಮೊದಲಿನಿಂದಲೂ ಗೊತ್ತಿತ್ತು. ಒಂದೇ ಸೋಫಾದಲ್ಲಿ ಕುಳಿತು ನಾವಿಬ್ಬರೂ ಎರಡು ಬೇರೆ ಸಿನಿಮಾ ನೋಡಿದ್ದೆವು.

ನನಗೆ ಆ ದೃಶ್ಯ ತಾಗಿದ್ದಕ್ಕೆ ಸ್ವಂತದ ಕಾರಣವೂ ಇತ್ತು. ಹಿಂದಿನ ವರ್ಷ ಹಾಸನದಿಂದ ಬಂದಿದ್ದ ಅಮ್ಮನನ್ನು ಇಲ್ಲಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದಾಗ ದುಭಾಷಿ ನಾನೇ ಆಗಿದ್ದೆ. ಎದೆ ಉರಿಯುತ್ತಿದೆಯಂತೆ ಎಂದು ಪದಕ್ಕೆ ಪದವಿಟ್ಟು ಹೇಳಿದೆ. ವೈದ್ಯರು ಹೃದಯದ ತೊಂದರೆಯೆಂದು ಗಾಬರಿಯಾಗಿ ಇಸಿಜಿ, ರಕ್ತಪರೀಕ್ಷೆ ಎಂದೆಲ್ಲ ಸಂಜೆಯವರೆಗೆ ಮಲಗಿಸಿದರು. ಕೊನೆಗೆ ಅದು ಬರೀ ಆಮ್ಲಪಿತ್ತ.

ಕಾಫಿ ಕುಡಿಯುತ್ತಾ ಸಹೋದ್ಯೋಗಿಯ ತಾಯಿ ಹೇಳಿದ ಓಲ್ಮೋಸ್ ಒಬ್ಬ ತಾರೆಯಾಗಿರಲಿಲ್ಲ, ಓಣಿಯ ಮನುಷ್ಯನಾಗಿದ್ದ. ಮನೆ ಮನೆಗೆ ಪೀಠೋಪಕರಣ ಸಾಗಿಸಿ ಹೊಟ್ಟೆ ಹೊರೆಯುತ್ತಿದ್ದವನನ್ನು 1978ರಲ್ಲಿ ‘ಝೂಟ್ ಸೂಟ್’ ನಾಟಕದ ಎಲ್ ಪಚೂಕೊ ಪಾತ್ರ ಮೇಲೆತ್ತಿತು. ಆ ಪಾತ್ರ ಇಂಗ್ಲಿಷ್, ಸ್ಪ್ಯಾನಿಷ್ ಮತ್ತು ಬೀದಿಮಾತನ್ನು ಒಂದೇ ಉಸಿರಿನಲ್ಲಿ ಬೆರೆಸುತ್ತದೆ. ‘ಬ್ಲೇಡ್ ರನ್ನರ್’ ಚಿತ್ರಕ್ಕಾಗಿ ಹಂಗೇರಿಯನ್, ಜಪಾನಿ ಮೊದಲಾದ ಭಾಷೆಗಳನ್ನು ಕಲಸಿ ಒಂದು ಬೆರಕೆ ನುಡಿಯನ್ನೇ ಕಟ್ಟಿಕೊಂಡ. ‘ಮಯಾಮಿ ವೈಸ್’ ಧಾರಾವಾಹಿಯ ಪಾತ್ರಕ್ಕೆ 1985ರಲ್ಲಿ ಅವನಿಗೆ ಟಿವಿ ಲೋಕದ ಎಮ್ಮಿ ಪ್ರಶಸ್ತಿ ಬಂದಿತು. 1988ರ ‘ಸ್ಟ್ಯಾಂಡ್ ಅಂಡ್ ಡೆಲಿವರ್’ ಆಸ್ಕರ್ ನಾಮನಿರ್ದೇಶನ ತಂದಿತು, ಆದರೆ ಆ ಮನೆಯಲ್ಲಿ ಅದರ ಬೆಲೆ ಬೇರೆ: ಅದು ಅಲ್ಲೇ ಸಮೀಪದ ಗಾರ್‌ಫೀಲ್ಡ್ ಹೈಸ್ಕೂಲಿನ ಕಥೆ. ಬೊಲಿವಿಯಾದಿಂದ ಬಂದ ಗಣಿತದ ಮೇಷ್ಟ್ರು ಹೈಮೆ ಎಸ್ಕಲಾಂಟೆ ಅವರ ಹದಿನೆಂಟು ವಿದ್ಯಾರ್ಥಿಗಳು 1982ರಲ್ಲಿ ಕ್ಯಾಲ್ಕುಲಸ್ ಪರೀಕ್ಷೆ ಪಾಸಾದಾಗ ಪರೀಕ್ಷಾ ಸಂಸ್ಥೆ ನಂಬದೆ ಹದಿನಾಲ್ವರನ್ನು ಶಂಕಿಸಿತು. ಹನ್ನೆರಡು ಮಂದಿ ಮತ್ತೆ ಬರೆದರು, ಹನ್ನೆರಡೂ ಮಂದಿ ಪಾಸಾದರು. ಇದನ್ನು ಹೇಳುವಾಗ ಆ ತಾಯಿ ಮೇಜನ್ನು ಎರಡು ಸಲ ಕುಟ್ಟಿದರು.

1992ರ ದಂಗೆಯಲ್ಲಿ ನಗರ ಹೊತ್ತಿ ಉರಿದಾಗ ಓಲ್ಮೋಸ್ ಪೊರಕೆ ಹಿಡಿದು ಬೀದಿಗಿಳಿದದ್ದನ್ನು ಅವರು ಟಿವಿಯಲ್ಲಿ ಕಂಡಿದ್ದರಂತೆ. ಬೂದಿ ಇನ್ನೂ ಆರಿರಲಿಲ್ಲ. ಅವನು ಗುಡಿಸಲು ಶುರುಮಾಡಿದ, ಜನ ತಮ್ಮ ತಮ್ಮ ಪೊರಕೆ ತಂದು ಸೇರಿಕೊಂಡರು. 1997ರಲ್ಲಿ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದವರ) ಚಲನಚಿತ್ರೋತ್ಸವ, ಕುಟುಂಬಗಳಿಗಾಗಿ ಲ್ಯಾಟಿನೊ ಪುಸ್ತಕೋತ್ಸವ ಎರಡರ ಹುಟ್ಟಿನಲ್ಲೂ ಅವನ ಕೈಯಿತ್ತು. ಪೋರ್ಟೊ ರಿಕೊದ ವಿಯೆಕಸ್ ದ್ವೀಪದಲ್ಲಿ ಅಮೆರಿಕದ ನೌಕಾಪಡೆ ಬಾಂಬ್ ಅಭ್ಯಾಸ ನಡೆಸುವುದನ್ನು ವಿರೋಧಿಸಿ 2001ರಲ್ಲಿ ಇಪ್ಪತ್ತು ದಿನಗಳ ಜೈಲುಶಿಕ್ಷೆಯನ್ನೂ ಪಡೆದ. ಪ್ರಶಸ್ತಿಗಿಂತ ಪೊರಕೆಯೇ ಅವನ ಅಸಲಿ ಗುರುತು ಎಂದು ನನಗೂ ಅನಿಸಿತು. ಸಬ್‌ಟೈಟಲ್ ಹಾಕದೆ ನೋಡುಗನೂ ಸ್ವಲ್ಪ ಹೆಣಗಲಿ ಎಂದ ಚಿತ್ರದ ನಾಯಕ, ಗುಡಿಸುವ ಕೆಲಸವನ್ನು ಮಾತ್ರ ಇನ್ನೊಬ್ಬರಿಗೆ ಬಿಟ್ಟಿರಲಿಲ್ಲ.

ಹೊರಡುವ ಮುನ್ನ ಆ ತಾಯಿ, ಯೆಗುವಾಕ್ಕೆ ನಿಮ್ಮಲ್ಲಿ ಏನನ್ನುತ್ತಾರೆಂದು ಕೇಳಿದರು. ನಮ್ಮಲ್ಲಿ ಎರಡೂ ಕುದುರೆಯೇ, ಆದರೆ ಹಸುವಿನ ಬಗ್ಗೆ ಕೇಳಬೇಕಾದಲ್ಲಿ ಎತ್ತಿನ ಬಗ್ಗೆ ಕೇಳಿದರೆ ನಮ್ಮ ರೈತನೂ ‘ಇಲ್ಲ’ ಎಂದೇ ಹೇಳುತ್ತಾನೆ ಎಂದೆ. ಅವರು ‘ಹಸು’, ‘ಎತ್ತು’ ಎರಡನ್ನೂ ಹೇಳಿ ನೋಡಿದರು. ‘ಎತ್ತು’ ಅವರ ನಾಲಿಗೆಯಲ್ಲಿ ‘ಎತೊ’ ಆಯಿತು.

ರಾತ್ರಿ ಊರಿಗೆ ಫೋನ್ ಮಾಡಿ ಅಮ್ಮನಿಗೆ ಇದೆಲ್ಲವನ್ನೂ ಹೇಳಿ, ‘ನೀನು ಎದೆಯುರಿ ಅಂದಿದ್ದನ್ನು ನಾನು ಸರಿಯಾಗಿ ಹೇಳಬೇಕಿತ್ತಮ್ಮ’ ಎಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

‘ನಾನೆಲ್ಲಿ ಎದೆಯುರಿ ಅಂದೆನೋ? ಹುಳಿತೇಗು ಬರ್ತಿದೆ ಅಂದಿದ್ದೆ ಕಣೋ.’